ಭೀಮಾ ಉಕ್ಕಿದಾಗ ಅವರೆಲ್ಲಿದ್ದರು? ಅಫಜಲಪುರದ ಪತ್ರಕ್ಕೆ ಉತ್ತರ

ನಮಸ್ಕಾರ ಸರ್,

ನಿಮ್ಮ ಪತ್ರ ಮುಟ್ಟಿತು. ಬೈದು ಬರೆದ ಪತ್ರಗಳನ್ನೇ ನಾನು ಮೊದಲು ಓದುವುದು, ಹೊಗಳಿದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಬೆಂಗಳೂರಿನ ಹವಾಮಾನ ಹೋರಾಟದ ಹುಡುಗ ಹುಡುಗಿಯರ ಒಂದು ವರ್ಷದ ಕತೆಯನ್ನು, ಅಂದರೆ 2020ರ ಮಾರ್ಚ್‌ನಿಂದ 2021ರ ಫೆಬ್ರವರಿವರೆಗಿನದ್ದನ್ನು, ಕಳೆದ ಸಂಚಿಕೆಯಲ್ಲಿ ಹಾಕಿದ್ದೆವು. ನೀವು ಕೇಳಿದ್ದು ಇಷ್ಟು: ಅದೇ ವರ್ಷ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ನಮ್ಮ ಮನೆಯೊಳಗೆ ನೀರು ನಿಂತಾಗ ಈ ಇಂಗ್ಲಿಷ್ ಬೋರ್ಡು ಹಿಡಿದವರು ಎಲ್ಲಿದ್ದರು? ದೊಡ್ಡ ಮನೆ ಮಕ್ಕಳ ಶೋಕಿಯನ್ನು ಕಲಬುರಗಿಯಲ್ಲಿ ಕೂತು ಅಚ್ಚು ಹಾಕೋಕೆ ನಾಚಿಕೆ ಆಗಲ್ವಾ?

ಸ್ವಲ್ಪ ಆಗಿದೆ. ಆರು ಪುಟದಲ್ಲಿ ಭೀಮಾ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ತಪ್ಪು ಹುಡುಗರದಲ್ಲ, ನನ್ನದು. ಫೋಟೊ ಆರಿಸಿದವನೂ ನಾನೇ. ಬೋರ್ಡ್ ಹಿಡಿದ ಫೋಟೊ ಚೆಂದ ಕಾಣುತ್ತದೆ, ಕಂಪ್ಯೂಟರ್ ಮುಂದೆ ಕೂತು ಸರ್ಕಾರದ ಕರಡು ಓದುವವರ ಫೋಟೊ ಯಾರು ನೋಡ್ತಾರೆ ಅಂತ ಬಿಟ್ಟೆ.

ಆದರೆ ಆ ವರ್ಷ ಅವರು ಹೆಚ್ಚಾಗಿ ಮಾಡಿದ್ದು ಅದೇ ಕೆಲಸ. ಲಾಕ್‌ಡೌನ್ ಇತ್ತು, ಬೀದಿಗೆ ಇಳಿಯುವ ಹಾಗೇ ಇರಲಿಲ್ಲ. ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಐಎ, ಅಂದರೆ ಪರಿಸರದ ಮೇಲಿನ ಪರಿಣಾಮ ಅಳೆಯುವ ನಿಯಮದ ಹೊಸ ಕರಡು ಹೊರಡಿಸಿತು. ಕಾರ್ಖಾನೆಯೋ ಗಣಿಯೋ ಬರುವ ಮುಂಚೆ ಊರಿನವರನ್ನು ಕೇಳಬೇಕಲ್ಲ, ಆ ನಿಯಮ. ಜನರ ಅಹವಾಲಿಗೆ ಇದ್ದ 30 ದಿನದ ನೋಟಿಸನ್ನು 20 ದಿನಕ್ಕೆ ಇಳಿಸುವ ಮಾತು ಅದರಲ್ಲಿತ್ತು. ಅನುಮತಿ ಇಲ್ಲದೆ ಕೆಲಸ ಶುರು ಮಾಡಿದವರು ಆಮೇಲೆ ನಿಧಾನವಾಗಿ ಬಂದು ಅನುಮತಿ ತಗೊಳ್ಳುವ ದಾರಿಯೂ ಇತ್ತು. ಈಗ ಹೇಳಿ, ಇದು ಬೆಂಗಳೂರಿನ ವಿಷಯವಾ, ಸೇಡಂ, ವಾಡಿಯ ವಿಷಯವಾ? ಸಿಮೆಂಟಿನ ಧೂಳು ಕೂರೋದು ಯಾರ ತೊಗರಿ ಮೇಲೆ?

ಆ ಕರಡು ಕನ್ನಡದಲ್ಲಿ ಇರಲೇ ಇಲ್ಲ. 10 ದಿನದಲ್ಲಿ ಎಲ್ಲ ಪ್ರಮುಖ ಭಾಷೆಗಳಿಗೂ ಅನುವಾದ ಮಾಡಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಹೇಳಿತು, ಆಗಲಿಲ್ಲ. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ಕರಡು ಕರಡಾಗಿಯೇ ಉಳಿಯಿತು. ಅದರೊಳಗಿನ ಕೆಲವು ಅಂಶ ಆಮೇಲೆ ಬೇರೆ ಆದೇಶಗಳ ಹಿತ್ತಲ ಬಾಗಿಲಿನಿಂದ ಬಂದವು, ಹಾಗಾಗಿ ಗೆದ್ದರು ಅಂತ ಹಲಗೆ ಬಾರಿಸೋಕೂ ಆಗಲ್ಲ.

ಇಂಗ್ಲಿಷ್ ಬಗ್ಗೆ ನಿಮ್ಮ ಸಿಟ್ಟು ಸರಿ. ಕರಡು ನಮ್ಮ ಭಾಷೆಯಲ್ಲಿ ಇಲ್ಲ ಅಂತ ಕೂಗುವ ಪೋಸ್ಟರಾದರೂ ನಮ್ಮ ಭಾಷೆಯಲ್ಲಿ ಇರಬೇಡವಾ?

ಶೋಕಿ ಅನ್ನೋದನ್ನು ಮಾತ್ರ ಒಪ್ಪಲ್ಲ. ಈ ಕರಡಿನ ಬಗ್ಗೆ ಕೇಂದ್ರ ಪರಿಸರ ಸಚಿವರಿಗೆ ರಾಶಿ ರಾಶಿ ಇಮೇಲ್ ಹೋದವು ಅಂತ ಜುಲೈನಲ್ಲಿ ಫ್ರೈಡೇಸ್ ಫಾರ್ ಫ್ಯೂಚರ್ ಎಂಬ ಹವಾಮಾನ ಹೋರಾಟದ ಬಳಗದ ಹುಡುಗರ ವೆಬ್‌ಸೈಟನ್ನೇ ಬಂದ್ ಮಾಡಿದರು. ದೆಹಲಿ ಪೊಲೀಸರು ಭಯೋತ್ಪಾದಕರಿಗೆ ಹಾಕುವ ಯುಎಪಿಎ ಕಾಯ್ದೆ ಹೆಸರಿನಲ್ಲಿ ನೋಟಿಸ್ ಕಳಿಸಿ, ಆಮೇಲೆ ಅದು ತಪ್ಪಾಗಿ ಹೋಯಿತು ಅಂದರು. ಮುಂದಿನ ಫೆಬ್ರವರಿ 13ಕ್ಕೆ ಅದೇ ಬಳಗದ ದಿಶಾ ರವಿಯನ್ನು ರೈತ ಹೋರಾಟದ ಟೂಲ್‌ಕಿಟ್, ಅಂದರೆ ಬೆಂಬಲಿಸುವುದು ಹೇಗೆ ಅಂತ ಹೇಳುವ ಆನ್‌ಲೈನ್ ಬರಹದ ಕೇಸಿನಲ್ಲಿ ಬಂಧಿಸಿ ಬೆಂಗಳೂರಿನಿಂದ ದೆಹಲಿಗೆ ಒಯ್ದರು, ಜಾಮೀನು ಸಿಕ್ಕಿದ್ದು 23ಕ್ಕೆ. ರೈತರಾಗಿದ್ದ ಅಜ್ಜ ಅಜ್ಜಿಯ ಕಷ್ಟ ನೋಡಿ ಈ ಕೆಲಸಕ್ಕೆ ಬಂದೆ ಎಂದು ಅವರು ಹಿಂದೆಯೇ ಹೇಳಿಕೊಂಡಿದ್ದರು.

‘ಬಿಸಿಲು ನಮಗೆ ಹೊಸದಾ?’ ಎಂದೂ ಕೇಳಿದ್ದೀರಿ. ಹೊಸದಲ್ಲ. ಏಪ್ರಿಲ್, ಮೇ ಬಂದರೆ ನಮ್ಮ ವಿಭಾಗದಲ್ಲಿ ಸರ್ಕಾರಿ ಕಚೇರಿಗೆ ಬೆಳಿಗ್ಗೆ 8ರಿಂದ 1.30ರ ಟೈಮು. ತೊಗರಿ ಹೊಲದವರಿಗೆ ಯಾವ ಟೈಮು? ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ ನಮ್ಮ ಹುಡುಗರಿಗೆ? ಆ ಊರಿನ ಕತೆ ಬರೆಯುವಾಗ ಇವರನ್ನೂ ಮಾತಾಡಿಸಬೇಕಿತ್ತು, ಈಗ ಹೊಳೆಯುತ್ತಿದೆ.

ನಿಮ್ಮ ಪತ್ರದ ಕೊನೆಯಲ್ಲಿ, ನೀರು ಇಳಿದ ಮೇಲೆ ಜೋಳದ ಚೀಲ ಬಿಚ್ಚಿದರೆ ಮೊಳಕೆ ಒಡೆದಿತ್ತು, ವಾಸನೆಗೆ ಎತ್ತುಗಳೂ ಮೂತಿ ತಿರುಗಿಸಿದವು ಎಂದಿದೆ. ನಮ್ಮ ಆರು ಪುಟದಲ್ಲಿ ಇಂಥ ಒಂದು ಸಾಲಿಲ್ಲ. ಅದನ್ನೇ ಬೆಳೆಸಿ ಎರಡು ಪುಟ ಮಾಡಿ ಕಳಿಸಿ, ತಿದ್ದದೆ ಹಾಕುತ್ತೇನೆ. ಫೋನ್ ನಂಬರಿನ ಕೊನೆಯ ಎರಡು ಅಂಕಿಗೆ ನೀರು ಬಿದ್ದು ಮಸಿ ಕಲಸಿದೆ, ಅದನ್ನೂ ಇನ್ನೊಮ್ಮೆ ಬರೆಯಿರಿ.

ಸಂಪಾದಕ