ಸೌರಫಲಕಕ್ಕೂ ಮೊದಲು ಮೀಟರ್ ಮುಂದೆ ಐದು ನಿಮಿಷ ನಿಲ್ಲಿ

ಮನೆಯಲ್ಲಿ ವಿದ್ಯುತ್ ಬಳಕೆ ಇಳಿಸಬೇಕು, ಪರಿಸರಕ್ಕೂ ಹಿತವಾಗಿ ಬದುಕಬೇಕು, ಅದಕ್ಕೆ ನೇರವಾಗಿ ಸೌರಫಲಕ ಹಾಕಿಸಿಬಿಡಲೇ ಎಂದು ಕೇಳಿದ್ದೀರಿ. ಹಾಕಿಸಿ, ಆದರೆ ಎಲ್ಲಕ್ಕಿಂತ ಕೊನೆಗೆ. ಕೊಡ ಸೋರುತ್ತಿದ್ದರೆ ತೂತು ಎಲ್ಲಿದೆ ಎಂದು ಮೊದಲು ನೋಡಬೇಕು, ಹೊಸ ಬಾವಿಯ ಮಾತು ಆಮೇಲೆ.

ನಾನು ಆ ತೂತನ್ನು ಹುಡುಕಿದ್ದು ಒಂದು ರಾತ್ರಿ. ಎಲ್ಲರೂ ಮಲಗಿದ ಮೇಲೆ ದೀಪ, ಫ್ಯಾನ್ ಎಲ್ಲವನ್ನೂ ಆರಿಸಿ, ಫ್ರಿಜ್‌ನ ಪ್ಲಗ್ಗನ್ನೂ ಕಿತ್ತು ಮೀಟರ್ ಮುಂದೆ ನಿಂತೆ. ಮನೆಯಲ್ಲಿ ಏನೂ ನಡೆಯುತ್ತಿಲ್ಲ ಎಂದುಕೊಂಡಿದ್ದೆ. ಆದರೆ ಮೀಟರ್‌ನ ಸಣ್ಣ ಕೆಂಪು ದೀಪ ಮಿಣುಕುತ್ತಲೇ ಇತ್ತು, 25 ಸೆಕೆಂಡಿಗೊಮ್ಮೆ. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂಬುದು ಮೀಟರ್ ಮೇಲೆಯೇ ಅಚ್ಚಾಗಿರುತ್ತದೆ; ನಮ್ಮದರಲ್ಲಿ 3200. ಲೆಕ್ಕ ಹಾಕಿದರೆ 45 ವ್ಯಾಟ್. ಕೇಳಲು ಅಲ್ಪವೆನಿಸುತ್ತದೆ, ಆದರೆ ಹಗಲಿರುಳು ಹರಿದರೆ ವರ್ಷಕ್ಕೆ 390 ಯೂನಿಟ್ ದಾಟುತ್ತದೆ. ಟಿವಿ ಪಕ್ಕದ ಸೆಟ್-ಟಾಪ್ ಬಾಕ್ಸ್ ಮೇಲೆ ಅಂಗೈ ಇಟ್ಟೆ, ಬೆಚ್ಚಗಿತ್ತು. ರಿಮೋಟ್‌ನಲ್ಲಿ ಆರಿಸಿದ್ದೆವು, ಸ್ವಿಚ್ಚಿನಲ್ಲಿ ಆರಿಸಿರಲಿಲ್ಲ. ತಿಂಗಳುಗಟ್ಟಲೆ ಯಾರೂ ಮುಟ್ಟದ ಪ್ರಿಂಟರ್ ಕೂಡ ಎಚ್ಚರವಾಗಿಯೇ ಕುಳಿತಿತ್ತು. ಇವೆಲ್ಲಕ್ಕೂ ಸೇರಿ ಒಂದೇ ಸ್ವಿಚ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿದೆವು. ಮಲಗುವ ಮೊದಲು ಅದನ್ನು ಒತ್ತುವುದು ಈಗ ಬಾಗಿಲು ಹಾಕಿದಷ್ಟೇ ಸಹಜವಾಗಿದೆ.

ನಂತರ ಗಮನ ಕೊಡಬೇಕಾದದ್ದು ಬಿಸಿ ಮತ್ತು ತಂಪಿಗೆ. ಜನ ಬಲ್ಬುಗಳ ಬಗ್ಗೆಯೇ ಮಾತನಾಡುತ್ತಾರೆ. ಹಳೆಯ ತಂತಿ ಬಲ್ಬುಗಳು ಉಳಿದಿದ್ದರೆ ಖಂಡಿತ ಬದಲಿಸಿ, 9 ವ್ಯಾಟ್‌ನ ಎಲ್‌ಇಡಿ ಸುಮಾರು 60 ವ್ಯಾಟ್ ಬಲ್ಬಿನಷ್ಟು ಬೆಳಕು ಕೊಡುತ್ತದೆ. ಅಲ್ಲಿಗೆ ಬೆಳಕಿನ ವಿಷಯ ಹೆಚ್ಚುಕಡಿಮೆ ಮುಗಿಯಿತು. ನೀರಿನ ಲೆಕ್ಕ ನೋಡಿ: 15 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಮಾಡಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚೇ ಬೇಕು. ಅಷ್ಟರಲ್ಲಿ ಆ ಎಲ್‌ಇಡಿ 55 ಗಂಟೆಗೂ ಮೀರಿ ಉರಿಯುತ್ತದೆ. ಎರಡು ನಿಮಿಷ ಹೆಚ್ಚಿಗೆ ಹರಿದ ಬಿಸಿನೀರು, ಮರೆತು ಬಿಟ್ಟ ಎಷ್ಟೋ ದೀಪಗಳಿಗಿಂತ ದುಬಾರಿ. ಹಾಗಾಗಿ ನಾನು ಮೊದಲು ಕೊಂಡದ್ದು ಕಡಿಮೆ ನೀರು ಬಿಡುವ ಶವರ್. ಬಿಸಿನೀರಿನ ಕೊಳವೆಗೆ ಶಾಖನಿರೋಧಕ ಹೊದಿಕೆಯನ್ನೂ ಸುತ್ತಿಸಿದೆ. ಒಂದು ಎಚ್ಚರಿಕೆ: ನೀರು ಸದಾ ಸಂಗ್ರಹವಾಗಿರುವ ಹೀಟರ್‌ನ ಉಷ್ಣತೆಯನ್ನು ಉಳಿತಾಯದ ಆಸೆಗೆ 60 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಬೆಚ್ಚನೆಯ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಹೀಟರ್ ಹೇಗೂ ಬದಲಿಸುವ ಸಮಯ ಬಂದಿದ್ದರೆ ಹೀಟ್ ಪಂಪ್ ಮಾದರಿಯನ್ನು ವಿಚಾರಿಸಿ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎಳೆದು ತರುತ್ತದೆ. ಆದ್ದರಿಂದಲೇ ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಮೂರು ಯೂನಿಟ್‌ನಷ್ಟು ಶಾಖ ಕೊಡಬಲ್ಲದು.

ಸೆಖೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಒಳಗಿನ ಪರದೆ ತಡೆಯುವುದು ಸ್ವಲ್ಪವೇ, ಅದಕ್ಕೆ ತಾಕುವ ಹೊತ್ತಿಗೆ ಬಿಸಿಲು ಮನೆಯೊಳಗೆ ಬಂದಾಗಿರುತ್ತದೆ. ಪಶ್ಚಿಮದ ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಇಳಿಬಿಟ್ಟ ಮೊದಲ ಸಂಜೆಯೇ ಕೋಣೆಯಲ್ಲಿ ವ್ಯತ್ಯಾಸ ಗೊತ್ತಾಯಿತು. ಸಮತಟ್ಟಾದ ಛಾವಣಿಗೆ ಬಿಳಿಯ ಪ್ರತಿಫಲಕ ಬಣ್ಣ ಬಳಿಸುವುದೂ ಇದೇ ತತ್ವ. ಇಷ್ಟಾದ ಮೇಲೂ ಎಸಿ ಬೇಕಾದರೆ ಎರಡು ಡಿಗ್ರಿ ಮೇಲಿಟ್ಟು ಜೊತೆಗೆ ಫ್ಯಾನ್ ತಿರುಗಿಸಿ, ಮೈಗೆ ಅಷ್ಟೇ ತಂಪು.

ಫ್ರಿಜ್‌ಗೆ ಒಂದು ಸಣ್ಣ ಪರೀಕ್ಷೆ ಇದೆ. ಬಾಗಿಲಿನ ನಡುವೆ ಕಾಗದದ ಚೂರು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಜಾರಿದರೆ ರಬ್ಬರ್ ಪಟ್ಟಿ ಸವೆದಿದೆ ಎಂದರ್ಥ, ಪಟ್ಟಿ ಬದಲಿಸಿದರೆ ಸಾಕು. ಚೆನ್ನಾಗಿ ನಡೆಯುವ ಯಂತ್ರವನ್ನು ಎಸೆದು ಹೊಸತು ತರಬೇಕು ಎಂಬ ಉತ್ಸಾಹ ನನಗಿಲ್ಲ; ಹೊಸದನ್ನು ತಯಾರಿಸಲೂ ಗಣಿ, ಕಾರ್ಖಾನೆ, ಸಾಗಣೆ ಎಲ್ಲವೂ ಬೇಕಲ್ಲವೇ?

ಇವನ್ನೆಲ್ಲ ಮಾಡಿದ ಮೇಲೆ ಒಂದು ತಿಂಗಳ ಬಳಕೆಯನ್ನು ದಿನವೂ ಬರೆದಿಡಿ. ಫಲಕ ಎಷ್ಟು ಬೇಕು ಎಂಬುದನ್ನು ಆ ಅಂಕಿಯೇ ಹೇಳುತ್ತದೆ, ಮೊದಲು ಅಂದುಕೊಂಡದ್ದಕ್ಕಿಂತ ಚಿಕ್ಕದೇ ಸಾಕಾಗಬಹುದು. ಜಾಗ ಆರಿಸುವಾಗ ಮರದ ಅಥವಾ ನೀರಿನ ತೊಟ್ಟಿಯ ನೆರಳು ಯಾವ ಗಂಟೆಗೆ ಎಲ್ಲಿ ಬೀಳುತ್ತದೆ ಎಂದು ನೀವೇ ನಿಂತು ನೋಡಿ. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯಬಹುದು.

ಇವತ್ತು ರಾತ್ರಿಯೇ ಮೀಟರ್ ಮುಂದೆ ನಿಂತು ಎಣಿಸಿ. ಎಷ್ಟು ಸೆಕೆಂಡಿಗೊಮ್ಮೆ ಮಿಣುಕಿತು, ನಿಮ್ಮ ಮೀಟರ್ ಮೇಲೆ ಯಾವ ಸಂಖ್ಯೆ ಇದೆ ಎಂದು ಇಲ್ಲಿ ಬರೆದರೆ ಮುಂದಿನ ಲೆಕ್ಕವನ್ನು ಜೊತೆಗೇ ಮಾಡೋಣ.