16 ಕಿಲೋ ಹೊತ್ತು 42 ಕಿಲೋಮೀಟರ್: ಪೆರ್ಲದ ಅಕ್ಕನಿಗೆ ಉತ್ತರ

ಅಕ್ಕಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದ್ದೆ. ಅಡಿಕೆ ಸುಲಿಯುವವರು ಬಂದಿದ್ದರು, ಬರೆಯಲು ಪುರುಸೊತ್ತಾಗಲಿಲ್ಲ. ಅಮೆರಿಕದಲ್ಲಿರುವ ಮಗ ಮಾರ್ಚ್‌ನ 42 ಕಿಲೋಮೀಟರಿನ ಬಟಾನ್ ಸ್ಮಾರಕ ನಡಿಗೆಗೆ ಹೆಸರು ಕೊಟ್ಟಿದ್ದಾನೆ, 16 ಕಿಲೋ ಹೊರಬೇಕಂತೆ, ಡಿಸೆಂಬರಿನಲ್ಲಿ ಎರಡು ತಿಂಗಳಿಗೆ ಊರಿಗೆ ಬರುತ್ತಾನೆ, ಇಲ್ಲೇ ಅಭ್ಯಾಸ ಮಾಡಬಹುದಾ, ಇದೆಲ್ಲ ಬೇಕಾ ಅಂತ ಕೇಳಿದ್ದೀರಿ. ಬೇಕಾ ಅನ್ನುವುದನ್ನು ಅವನನ್ನೇ ಕೇಳಿ. ನನ್ನ ಅಮ್ಮನೂ ನನ್ನನ್ನು ಕೇಳಿದ್ದರು, ನಾನು ನಕ್ಕು ಸುಮ್ಮನಾಗಿದ್ದೆ. ಅಲ್ಲಿ ಕೆಲಸದಲ್ಲಿದ್ದಾಗ, 2018ರಲ್ಲಿ, ಅದೇ ಭಾರದ ವಿಭಾಗದಲ್ಲಿ ನಾನೂ ನಡೆದಿದ್ದೇನೆ. ಅಭ್ಯಾಸದ ಒಂದು ತಿಂಗಳು ರಜೆಯಲ್ಲಿ ಊರಲ್ಲೇ ಆಗಿತ್ತು.

ಮೊದಲು ಆ ಹೆಸರಿನ ವಿಷಯ. ಆ ನಡಿಗೆಯ ಪೂರ್ತಿ ಹೆಸರಲ್ಲಿ 'ಸಾವಿನ ನಡಿಗೆ' ಅಂತ ಇರುವುದನ್ನು ಕೇಳಿ ನೀವು ಹೆದರಿದ್ದು ಸಹಜ. ಅದು 1942ರ ಏಪ್ರಿಲ್‌ನ ಕಥೆ. ಫಿಲಿಪೈನ್ಸ್‌ನ ಬಟಾನ್‌ನಲ್ಲಿ ಸುಮಾರು 75,000 ಸೈನಿಕರು ಜಪಾನಿಗೆ ಶರಣಾದರು. ಹೆಚ್ಚಿನವರು ಫಿಲಿಪೈನ್ಸ್‌ನವರೇ, ಉಳಿದವರು ಅಮೆರಿಕನ್ನರು. ಅವರನ್ನು ಅನ್ನ ನೀರು ಸರಿಯಾಗಿ ಕೊಡದೆ ಬಿಸಿಲಲ್ಲಿ ನೂರು ಕಿಲೋಮೀಟರಿನಷ್ಟು ನಡೆಸಿದರು. ಸಾವಿರಾರು ಜನ ದಾರಿಯಲ್ಲೇ ಸತ್ತರು. ನ್ಯೂ ಮೆಕ್ಸಿಕೋ ರಾಜ್ಯದಿಂದಲೇ ಸುಮಾರು 1,800 ಜನ ಅಲ್ಲಿದ್ದರು, ಅವರಲ್ಲಿ ಅರ್ಧದಷ್ಟು ಜನ ಮನೆಗೆ ಮರಳಲಿಲ್ಲ. ಹಾಗಾಗಿ ಅಲ್ಲಿನ ವಿಶ್ವವಿದ್ಯಾಲಯದ ಸೈನಿಕ ತರಬೇತಿಯ ವಿದ್ಯಾರ್ಥಿಗಳು 1989ರಲ್ಲಿ ನೆನಪಿನ ನಡಿಗೆ ಶುರು ಮಾಡಿದರು. 1992ರಿಂದ ಅದು ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿ ನಡೆಯುತ್ತಿದೆ. ಬದುಕಿ ಬಂದವರಲ್ಲಿ ಬೆನ್ ಸ್ಕಾರ್ಡನ್ ಎಂಬವರಿದ್ದರು. ತೊಂಬತ್ತು ದಾಟಿದ ಮೇಲೂ ಬಂದು ಎಂಟೂವರೆ ಮೈಲಿ ನಡೆಯುತ್ತಿದ್ದರು. 2021ರಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡರು. ಇಷ್ಟನ್ನು ಯಾಕೆ ಹೇಳಿದೆ ಅಂದರೆ, ಇದು ಪದಕಕ್ಕೆ ಓಡುವ ಓಟ ಅಂದುಕೊಂಡು ಹೋದವರು ಅರ್ಧ ದಾರಿಯಲ್ಲಿ ಮುಖ ಸಣ್ಣ ಮಾಡಿಕೊಂಡದ್ದನ್ನು ನೋಡಿದ್ದೇನೆ.

ಈಗ ಕೆಲಸದ ಮಾತು. ಭಾರ 35 ಪೌಂಡ್, ಅಂದರೆ 16 ಕಿಲೋಗೆ ಸ್ವಲ್ಪವೇ ಕಡಿಮೆ. ನಮ್ಮಲ್ಲಿ ಅಡಿಕೆ ಗೋಣಿ ಹೊರುವವರಿಗೆ ಇದು ಭಾರವೇ ಅಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಗೋಣಿಯನ್ನು ತೋಟದಿಂದ ಅಂಗಳಕ್ಕೆ ತಂದು ದೊಪ್ಪನೆ ಹಾಕಿದರೆ ಮುಗಿಯಿತು. ಇದನ್ನು ಎಂಟೊಂಬತ್ತು ಗಂಟೆ ಇಳಿಸುವ ಹಾಗಿಲ್ಲ. ಬಲ ಇದ್ದವರೂ ಅಲ್ಲಿ ಕೂತುಬಿಡುತ್ತಾರೆ. ಕೂರಿಸುವುದು ಕಾಲಿನ ಬೊಕ್ಕೆ. ಹಾಗಾಗಿ ಎರಡು ತಿಂಗಳಲ್ಲಿ ಅವನು ತಯಾರು ಮಾಡಬೇಕಾದದ್ದು ತೋಳಲ್ಲ, ಅಂಗಾಲು.

ಚೀಲಕ್ಕೆ ಸೊಂಟದ ಪಟ್ಟಿ ಇರಲೇಬೇಕು. ನಾನು ಮೊದಲು ಕಾಲೇಜಿಗೆ ಹೊತ್ತ ಹಳೇ ಚೀಲದಲ್ಲೇ ಹೊರಟೆ. ಐದು ಕಿಲೋಮೀಟರಿಗೆ ಕೈಬೆರಳು ಜೋಮು ಹಿಡಿಯಿತು. ಪಟ್ಟಿ ಸೊಂಟದ ಎಲುಬಿನ ಮೇಲೆ ಕೂತರೆ ಭಾರ ಕಾಲಿಗೆ ಇಳಿಯುತ್ತದೆ, ಹೆಗಲು ಬರೀ ಹಿಡಿದುಕೊಳ್ಳುತ್ತದೆ. ತುಂಬಲು ಅಕ್ಕಿಯೇ ಒಳ್ಳೆಯದು. ಐದು ಕಿಲೋ ಕುಚ್ಚಲಕ್ಕಿಯ ಮೂರು ಕಟ್ಟು, ಮೇಲೆ ಸ್ವಲ್ಪ ಹೆಸರುಕಾಳು. ಕಟ್ಟುಗಳು ಬೆನ್ನಿಗೆ ಅಂಟಿಕೊಂಡು, ಸ್ವಲ್ಪ ಮೇಲೆಯೇ ಇರಲಿ. ಕೆಳಗೆ ಬಟ್ಟೆ ತುರುಕಿದರೆ ಅಕ್ಕಿ ಜಾರುವುದಿಲ್ಲ. ಕಲ್ಲು, ಕಬ್ಬಿಣ ಬೇಡ, ಬೆನ್ನಿಗೆ ಒತ್ತುತ್ತದೆ. ಅಲ್ಲಿಗೆ ಹೋದ ಮೇಲೆ ಅಲ್ಲೇ ಅಕ್ಕಿ ಬೇಳೆ ಕೊಂಡರಾಯಿತು. ನಡಿಗೆ ಮುಗಿದ ಮೇಲೆ ಅದನ್ನು ದಾನಕ್ಕೆ ಕೊಡುವ ರೂಢಿಯೂ ಇದೆ. ತೂಕವನ್ನು ಕೊನೆಯಲ್ಲಿ ನೋಡುತ್ತಾರೆ. ಕುಡಿದು ತಿಂದು ಖಾಲಿಯಾಗುವುದನ್ನು ಲೆಕ್ಕಕ್ಕೆ ಹಿಡಿಯದೆ ಅರ್ಧ ಕಿಲೋ ಜಾಸ್ತಿಯೇ ಇರಲಿ. ಅಷ್ಟು ದೂರ ಹೊತ್ತು ತಂದು ತೂಕದಲ್ಲಿ ಸೋಲುವುದು ಯಾವ ಕರ್ಮ!

ಮೊದಲ ವಾರ ಐದು ಕಿಲೋ ಸಾಕು. ಮತ್ತೆ ವಾರಕ್ಕೆ ಎರಡು ಕಿಲೋದಂತೆ ಏರಿಸಲಿ. ಭಾರ ಏರಿಸಿದ ವಾರ ದೂರವನ್ನೂ ಒಮ್ಮೆಲೇ ಜಾಸ್ತಿ ಏರಿಸಬಾರದು. ವಾರಕ್ಕೆ ಮೂರು ದಿನ ಭಾರದ ನಡಿಗೆ, ಅದರಲ್ಲಿ ಒಂದು ದಿನ ಉದ್ದದ ನಡಿಗೆ. ಇಲ್ಲಿಂದ ಹೊರಡುವ ಮೊದಲು ಪೂರ್ತಿ ಭಾರದಲ್ಲಿ ಒಮ್ಮೆ 28, 30 ಕಿಲೋಮೀಟರ್ ನಡೆದರೆ ಧೈರ್ಯ ಬರುತ್ತದೆ. ಹೊತ್ತುಕೊಂಡು ಓಡುವುದು ಮಾತ್ರ ಬೇಡವೇ ಬೇಡ, ಮೊಣಕಾಲು ಕೇಳುವುದಿಲ್ಲ.

ಜಾಗಕ್ಕೆ ನಮ್ಮಲ್ಲಿ ಬರವಿಲ್ಲ. ಏರಲು ಪೊಸಡಿಗುಂಪೆ ಗುಡ್ಡ ನಿಮಗೆ ಹತ್ತಿರವೇ. ಏರುವುದಕ್ಕಿಂತ ಇಳಿಯುವುದನ್ನು ಗಮನಿಸಲಿ, ಬೂಟಿನ ಮುಂದಕ್ಕೆ ಬೆರಳು ಬಡಿಯುವುದು ಆಗಲೇ. ಗಟ್ಟಿ ನೆಲಕ್ಕೆ ಮುರಕಲ್ಲಿನ ಪಾರೆಗಳಿವೆ, ಡಿಸೆಂಬರಿಗೆ ಹುಲ್ಲೂ ಒಣಗಿರುತ್ತದೆ. ಆದರೆ ನಿಜವಾದ ಪಾಠ ಇರುವುದು ಕಡಲ ಬದಿಯಲ್ಲಿ. ಬಟಾನ್ ನಡಿಗೆಯ ದಾರಿಯಲ್ಲಿ ಇಪ್ಪತ್ತನೇ ಮೈಲಿ ದಾಟುವಾಗ ಮರಳಿನ ಒಂದು ಭಾಗ ಬರುತ್ತದೆ. ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ. ನಾನು ಬೇಕಲದಲ್ಲಿ ಅಲೆ ನೆನೆಸಿದ ಗಟ್ಟಿ ಮರಳಲ್ಲಿ ಆರಾಮಾಗಿ ನಡೆದು ಅಭ್ಯಾಸವಾಯಿತು ಅಂದುಕೊಂಡಿದ್ದೆ. ಅದು ದೊಡ್ಡ ತಪ್ಪು. ನಿಮ್ಮ ಮಗ ಮೇಲಿನ ಒಣ ಮರಳಲ್ಲೇ ನಡೆಯಲಿ, ಸಣ್ಣ ಹೆಜ್ಜೆ ಇಟ್ಟು, ಅಂಗಾಲು ಪೂರ್ತಿ ಊರಿ. ಬೂಟಿನ ಬಾಯಿಗೆ ಕಟ್ಟುವ ಬಟ್ಟೆಯ ಕವಚ ಸಿಗುತ್ತದೆ, ಒಂದು ಜೊತೆ ಕೊಳ್ಳಲಿ. ಹೈವೇ ಬದಿಯಲ್ಲಿ ಮಾತ್ರ ಬೇಡ, ಭಾರ ಹೊತ್ತವನು ಪಕ್ಕಕ್ಕೆ ಹಾರುವುದು ಕಷ್ಟ.

ಬೂಟು ಈಗಲೇ ಕೊಳ್ಳಲಿ, ಅರ್ಧ ಅಳತೆ ದೊಡ್ಡದು. ನಡೆಯುತ್ತಾ ಪಾದ ಊದುತ್ತದೆ. ನಾಗರಿಕರಿಗೆ ಸೈನ್ಯದ ಬೂಟು ಬೇಕಾಗಿಲ್ಲ. ಹತ್ತಿಯ ಕಾಲುಚೀಲ ಬೇಡ, ಬೆವರು ಕುಡಿದು ಚರ್ಮ ಮೆತ್ತಗೆ ಮಾಡುತ್ತದೆ. ಉಣ್ಣೆಯದ್ದು ಎರಡು ಜೊತೆ ಇರಲಿ, ಅರ್ಧ ದಾರಿಯಲ್ಲಿ ಕೂತು ಬದಲಿಸಲಿ. ಎಲ್ಲಾದರೂ ಬಿಸಿ ಅನಿಸಿದ ಕೂಡಲೇ ನಿಂತು ಟೇಪು ಅಂಟಿಸಬೇಕು. "ಮುಂದಿನ ನೀರಿನ ಜಾಗದಲ್ಲಿ ನೋಡುವ" ಅಂತ ಹೋದದ್ದಕ್ಕೆ ನನ್ನ ಎಡ ಹೆಬ್ಬೆರಳ ಉಗುರು ಹೋಯಿತು. ಹೊಸದು ಬರಲು ವರ್ಷವೇ ಬೇಕಾಯಿತು. ಅಂದ ಹಾಗೆ, ಉಗುರು ಕತ್ತರಿಸುವುದು ನಾಲ್ಕು ದಿನ ಮೊದಲು, ಹಿಂದಿನ ರಾತ್ರಿ ಅಲ್ಲ.

ನಮ್ಮಲ್ಲಿ ಅಭ್ಯಾಸ ಮಾಡಿದವನಿಗೆ ಒಂದು ಮೋಸ ಇದೆ. ಇಲ್ಲಿ ಬೆವರು ಕಣ್ಣಿಗೆ ಕಾಣುತ್ತದೆ, ಅಂಗಿ ಹಿಂಡಬಹುದು. ಅಲ್ಲಿ ಮರುಭೂಮಿ, ಅದೂ 1,200 ಮೀಟರಿಗಿಂತ ಎತ್ತರದಲ್ಲಿ. ಬೆವರು ಬಂದ ಹಾಗೇ ಆರಿಹೋಗುತ್ತದೆ. ಅಂಗಿ ಒಣಗಿದೆ, ನಾನು ಬೆವರಲೇ ಇಲ್ಲ ಅಂದುಕೊಳ್ಳುತ್ತೇವೆ. ಸಂಜೆ ಟೊಪ್ಪಿಯ ಮೇಲೆ ಬಿಳಿ ಉಪ್ಪಿನ ಗೆರೆ ನೋಡಿದಾಗಲೇ ಗೊತ್ತಾಗುವುದು. ಬರೀ ನೀರು ಕುಡಿಯುತ್ತಾ ಹೋದರೂ ಅಪಾಯ, ರಕ್ತದಲ್ಲಿ ಉಪ್ಪು ಇಳಿದು ತಲೆ ತಿರುಗುತ್ತದೆ. ಜೊತೆಗೆ ಉಪ್ಪು ಹೋಗಬೇಕು. ನಾನು ಬಾಳೆಕಾಯಿ ಚಿಪ್ಸ್ ಮತ್ತು ಉಪ್ಪಿನಲ್ಲಿ ಹಾಕಿದ ನಾಲ್ಕು ಮಾವಿನ ಮಿಡಿ ಕಟ್ಟಿಕೊಂಡು ಹೋಗಿದ್ದೆ. ಪಕ್ಕದಲ್ಲಿ ನಡೆಯುತ್ತಿದ್ದ ಒಬ್ಬ ಸೈನಿಕ ಮಿಡಿ ಕಚ್ಚಿ ಮುಖ ಹಿಂಡಿದ. ಎರಡು ಮೈಲಿ ಆದ ಮೇಲೆ ಇನ್ನೊಂದು ಕೇಳಿದ. ಆಮೇಲೆ ಬೆಳಗ್ಗೆ ಹೊರಡುವಾಗ ಅಲ್ಲಿ ಗದಗುಟ್ಟುವ ಚಳಿ, ಮಧ್ಯಾಹ್ನ ಸುಡುವ ಬಿಸಿಲು. ತೆಗೆದು ತುರುಕಬಹುದಾದ ತೆಳು ಜಾಕೆಟ್ ಬೇಕು. ನಡಿಗೆಗೆ ಮೂರ್ನಾಲ್ಕು ದಿನ ಮೊದಲೇ ಅಲ್ಲಿ ಹೋಗಿ ಇದ್ದರೆ ಉಸಿರಿಗೂ ಒಳ್ಳೆಯದು.

ಹೊರಡುವ ಮೊದಲಿನ ಹತ್ತು ದಿನ ಭಾರ ಹೊರಿಸಲೇಬೇಡಿ. ಸುಮ್ನೆ ತೋಟದಲ್ಲಿ ತಿರುಗಾಡಲಿ, ಗಂಜಿ ಉಣ್ಣಲಿ, ನಿದ್ದೆ ಮಾಡಲಿ. ಮೊಣಕಾಲಿಗೋ ಸೊಂಟಕ್ಕೋ ಹಳೆಯ ಪೆಟ್ಟು ಇದ್ದರೆ ಶುರು ಮಾಡುವ ಮೊದಲೇ ಡಾಕ್ಟರಿಗೆ ತೋರಿಸಿ. ಭಾರ ಇಲ್ಲದ ವಿಭಾಗವೂ ಇದೆ, ಅರ್ಧದಷ್ಟು ದೂರದ್ದೂ ಇದೆ. ಅದರಲ್ಲಿ ನಡೆದರೆ ಮರ್ಯಾದೆ ಏನೂ ಕಮ್ಮಿಯಾಗುವುದಿಲ್ಲ.

ಅವನು ಬಂದ ಮೇಲೆ ಒಂದು ಮೆಸೇಜ್ ಹಾಕಿ ಅಕ್ಕಾ. ಭಾನುವಾರ ಪೊಸಡಿಗುಂಪೆಗೆ ನಾನೂ ಬರುತ್ತೇನೆ, ಚೀಲ ಹೇಗೆ ಕಟ್ಟಿದ್ದಾನೆ ನೋಡುವ. ನನ್ನ ಚೀಲದಲ್ಲಿ ಮಾತ್ರ ಮಜ್ಜಿಗೆ ಬಾಟಲಿ ಬಿಟ್ಟರೆ ಬೇರೇನೂ ಇರುವುದಿಲ್ಲ.