ಪಂಜಾಬ್ ಕೃಷಿಯಲ್ಲಿ ಅಷ್ಟು ಮುಂದಿದ್ದರೂ ದೊಡ್ಡ ಹೂಡಿಕೆಗಳು ಅಲ್ಲಿಗೆ ಏಕೆ ಹೆಚ್ಚು ಬರಲಿಲ್ಲ?

ಪಂಜಾಬಿನಲ್ಲಿ ಕೈಗಾರಿಕೆಗಳೇ ಇಲ್ಲವೆನ್ನಲಾಗದು. ಇರುವವುಗಳಲ್ಲಿ ಬಹುಪಾಲು ಸಣ್ಣ ಮತ್ತು ಮಧ್ಯಮ ಗಾತ್ರದವು. ಲೂಧಿಯಾನದ ಸೈಕಲ್ ಉದ್ಯಮವನ್ನೇ ನೋಡಿ: ರಿಮ್, ಪೆಡಲ್, ಚೈನ್, ಸೀಟುಗಳನ್ನು ಹತ್ತಾರು ಸಣ್ಣ ಘಟಕಗಳು ಬೇರೆ ಬೇರೆಯಾಗಿ ತಯಾರಿಸಿ ಹೀರೋ, ಏವನ್‌ನಂತಹ ಕಂಪನಿಗಳಿಗೆ ಒದಗಿಸುತ್ತವೆ. ಅದೇ ಊರಿನ ಉಣ್ಣೆ ಉಡುಪು, ಜಲಂಧರಿನ ಕ್ರೀಡಾ ಸಾಮಗ್ರಿ, ಮಂಡಿ ಗೋಬಿಂದಗಢದ ಉಕ್ಕು ಕೂಡ ಹೆಸರುವಾಸಿ.

ದೊಡ್ಡ ಬಂಡವಾಳ ಹಿಂಜರಿದದ್ದಕ್ಕೆ ಸಮುದ್ರ ಬಂದರುಗಳ ದೂರ, ಗಡಿಯ ಆತಂಕ ಮತ್ತು 1980ರ ದಶಕದ ಉಗ್ರವಾದ ಕಾರಣವಾದವು. 2003ರಲ್ಲಿ ಕೇಂದ್ರವು ಹಿಮಾಚಲ ಪ್ರದೇಶ, ಉತ್ತರಾಖಂಡಗಳಿಗೆ ತೆರಿಗೆ ರಿಯಾಯಿತಿ ಕೊಟ್ಟಾಗ ಹೂಡಿಕೆದಾರರು ಪಕ್ಕದ ಹಿಮಾಚಲದ ಬದ್ದಿಯತ್ತ ಹೊರಳಿದರು. 2019ರಲ್ಲಿ ಪಾಕಿಸ್ತಾನದೊಂದಿಗಿನ ವ್ಯಾಪಾರ ನಿಂತು ಅಟ್ಟಾರಿ ಗಡಿಯನ್ನು ನಂಬಿದವರಿಗೂ ಪೆಟ್ಟು ಬಿತ್ತು.

ನನ್ನ ಅಭಿಪ್ರಾಯದಲ್ಲಿ ಇವೆಲ್ಲಕ್ಕಿಂತ ಆಳವಾದ ಕಾರಣ ಕೃಷಿ ನೀತಿಯಲ್ಲೇ ಇದೆ. ಗೋಧಿ ಮತ್ತು ಭತ್ತಕ್ಕೆ ಬೆಂಬಲ ಬೆಲೆಯ ಖಚಿತ ಖರೀದಿ ಇರುವುದರಿಂದ ರೈತರು ಹಣ್ಣು, ತರಕಾರಿ, ಎಣ್ಣೆಕಾಳುಗಳತ್ತ ಹೊರಳುವ ಅಪಾಯಕ್ಕೆ ಕೈಹಾಕುವುದಿಲ್ಲ. ಹಾಗಾಗಿ ಆಹಾರ ಸಂಸ್ಕರಣೆಗೆ ಬೇಕಾದ ವೈವಿಧ್ಯಮಯ ಕಚ್ಚಾವಸ್ತು ಸಿಗುವುದಿಲ್ಲ, ಗೋಧಿಯ ದೊಡ್ಡ ಪಾಲು ಕೇಂದ್ರದ ದಾಸ್ತಾನಿಗೆ ಸೇರಿ ಧಾನ್ಯವಾಗಿಯೇ ಹೊರರಾಜ್ಯಗಳಿಗೆ ಹೋಗುತ್ತದೆ. 1997ರಲ್ಲಿ ಪಂಪ್‌ಸೆಟ್‌ಗಳಿಗೆ ಆರಂಭವಾದ ಉಚಿತ ವಿದ್ಯುತ್ತಿನಿಂದ ಅಂತರ್ಜಲ ಎಷ್ಟು ಕುಸಿಯಿತೆಂದರೆ, ನೀರು ಹೆಚ್ಚು ಬೇಕಾಗುವ ಕಡು ಬೇಸಿಗೆಯಲ್ಲೇ ಭತ್ತದ ನಾಟಿ ಮಾಡದಂತೆ ತಡೆಯಲು 2009ರಲ್ಲಿ ಕಾನೂನನ್ನೇ ತರಬೇಕಾಯಿತು. ಆ ಉಚಿತ ವಿದ್ಯುತ್ತಿನ ಸಹಾಯಧನದ ಹೊರೆಯಿಂದ ಕೈಗಾರಿಕಾ ಪ್ರದೇಶಗಳ ರಸ್ತೆ, ಚರಂಡಿಗಳಿಗೆ ಸಿಗಬೇಕಾದ ಹಣವೂ ಕರಗಿತು.